ಡಿಸೆಂಬರಿನ ಕೂಲರ್

ಚಳಿಗಾಲದ ಬೆಳಗ್ಗೆ ಹಂಪಿಯ ಚಕ್ರತೀರ್ಥದಲ್ಲಿ ನದಿಗಿಳಿದವರಿಗೆಲ್ಲ ಇದು ಗೊತ್ತು. ಮೊದಲ ಮುಳುಗಿಗೆ ಉಸಿರು ಗಂಟಲಲ್ಲೇ ನಿಲ್ಲುತ್ತದೆ. ಎರಡನೆಯದಕ್ಕೆ ಪರವಾಗಿಲ್ಲ ಅನ್ನಿಸುತ್ತದೆ. ಐದು ನಿಮಿಷ ಕಳೆದರೆ ಕುತ್ತಿಗೆಮಟ್ಟ ನೀರಿನಲ್ಲಿ ನಿಂತು, ದಡದಲ್ಲಿ ಶಾಲು ಹೊದ್ದು ಅನುಮಾನಿಸುತ್ತಿರುವವರನ್ನು "ಬರ್ರಿ, ನೀರು ಬೆಚ್ಚಗದಾವ" ಎಂದು ಕರೆಯುವ ಧೈರ್ಯ ಬರುತ್ತದೆ. ಆಟ ಕೆಡುವುದು ಮೇಲೆ ಬಂದಾಗ. ಬಂಡೆಯ ಮೇಲೆ ಬಿಸಿಲು ಬಿದ್ದಿರುತ್ತದೆ, ಆದರೂ ಸಣ್ಣದೊಂದು ಗಾಳಿ ಸುಳಿದರೆ ಸಾಕು, ಹಲ್ಲಿಗೆ ಹಲ್ಲು ತಾಗಿ ಕಟಕಟ ಎನ್ನುತ್ತದೆ. ನೀರೊಳಗೆ ಇಲ್ಲದ ಚಳಿ ಬಿಸಿಲಲ್ಲಿ ಎಲ್ಲಿಂದ ಬಂತು?

ಈ ಪ್ರಶ್ನೆ ನನಗೆ ಮತ್ತೆ ಎದುರಾದದ್ದು ನದಿಯಲ್ಲಲ್ಲ, ಹೊಸಪೇಟೆಯ ಫ್ಲ್ಯಾಟಿನ ನಾಲ್ಕಡಿ ಅಗಲ, ಆರಡಿ ಉದ್ದದ ಬಚ್ಚಲಲ್ಲಿ. ಡಿಸೆಂಬರಿನಲ್ಲಿ ಅವ್ವ ಕಂಪ್ಲಿಯಿಂದ ಬಂದಿದ್ದಳು. ಗೀಸರ್ ಇತ್ತು, ಕೈ ಇಟ್ಟರೆ ಸುಡುವಷ್ಟು ನೀರು ಬರುತ್ತಿತ್ತು. ಆದರೂ ದಿನವೂ ಅದೇ ದೂರು: "ನೀರೇನೋ ಬಿಸಿ ಅದಾವಪ್ಪ, ಬಚ್ಚಲಾ ಥಂಡಿ." ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು. ಇಲ್ಲಿರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ನಾವೇ ತಮಾಷೆ ಮಾಡಿಕೊಳ್ಳುತ್ತೇವೆ. ಇಂಥ ಊರಿನ ಬಚ್ಚಲಿಗೆ ಕರೆಂಟಿನ ಹೀಟರ್ ಹಾಕಿಸುವುದೇ ಎಂದು ನಗು ಬಂತು. ಹಾಗಂತ ಎಪ್ಪತ್ತು ದಾಟಿದ ಮುದುಕಿ ನಡುಗುವುದನ್ನು ನೋಡಿಕೊಂಡು ನಗುತ್ತಾ ಕೂರಲಾಗುವುದಿಲ್ಲ. ಹಾಕಿಸುವುದಾದರೆ ಎಂಥದ್ದು, ಎಲ್ಲಿ, ಏನನ್ನು ಬಿಸಿ ಮಾಡಲಿಕ್ಕೆ ಎಂದು ಲೆಕ್ಕ ಹಾಕಲು ಕೂತೆ. ಆ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು ಅಂತ ಆಗ ಹೊಳೆದಿರಲಿಲ್ಲ.

ಹಂಡೆ ಹೋಯಿತು, ಕಾವೂ ಹೋಯಿತು

ಅವ್ವನ ಮನಸ್ಸಿನಲ್ಲಿರುವ ಬಚ್ಚಲೇ ಬೇರೆ. ಕಂಪ್ಲಿಯ ಹಳೆಯ ಮನೆಯಲ್ಲಿ ಒಲೆಯೊಳಗೆ ಹೂತಿಟ್ಟ ತಾಮ್ರದ ಹಂಡೆ, ಕೆಳಗೆ ಸೌದೆ. ಸುತ್ತಮುತ್ತ ಭತ್ತದ ಗದ್ದೆ, ಅಕ್ಕಿ ಗಿರಣಿ ಇದ್ದುದರಿಂದ ಸೌದೆ ತೀರಿದರೆ ಹೊಟ್ಟು. ಬೆಳಗಿನ ಜಾವಕ್ಕೇ ಉರಿ ಹತ್ತಿಸಿದರೆ ಎಂಟು ಗಂಟೆಯವರೆಗೆ ಒಬ್ಬರಾದ ಮೇಲೊಬ್ಬರು ಜಳಕ. ಹೊಗೆ ಕಣ್ಣಿಗೆ ಬರುತ್ತಿತ್ತು, ಗೋಡೆ ಕಪ್ಪಾಗಿರುತ್ತಿತ್ತು. ಆದರೆ ಆ ಒಲೆ ನೀರನ್ನಷ್ಟೇ ಕಾಯಿಸುತ್ತಿರಲಿಲ್ಲ. ಉರಿಯ ಬಹುಪಾಲು ಹಂಡೆಗೆ ತಾಗದೆ ಆಚೀಚೆ ಸೋರಿ, ಒಲೆಯ ಮಣ್ಣು, ಬಚ್ಚಲಕಲ್ಲು, ಗೋಡೆ ಎಲ್ಲವನ್ನೂ ಬಿಸಿ ಮಾಡುತ್ತಿತ್ತು. ಎಂಜಿನಿಯರನ ಕಣ್ಣಿಗೆ ಅದು ನಷ್ಟ. ಮೈ ಒರೆಸಿಕೊಳ್ಳುತ್ತಾ ಒಲೆಯ ಬಾಯಿಗೆ ಬೆನ್ನು ಕೊಟ್ಟು ನಿಂತವರಿಗೆ ಅದೇ ಸುಖ.

ಈ ನಷ್ಟವನ್ನು ತಪ್ಪಿಸಲು ನಮ್ಮವರು ಗಂಭೀರವಾಗಿ ಕೆಲಸ ಮಾಡಿದ್ದಾರೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಶುರುವಾದ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನದ ಕೂಟ, ಉರಿ ಪಾತ್ರೆಗೇ ತಾಗುವಂತೆ ಒಲೆಯ ಒಡಲನ್ನು ಬದಲಿಸಿ 'ಅಸ್ತ್ರ ಒಲೆ'ಯನ್ನು ರೂಪಿಸಿತು. ಸೌದೆಯೂ ಉಳಿಯಿತು, ಹೊಗೆಯೂ ತಗ್ಗಿತು. ಆಮೇಲೆ ಗೀಸರ್ ಬಂದು ಆ ಕೆಲಸವನ್ನು ಪೂರ್ತಿ ಮುಗಿಸಿತು. ತೊಟ್ಟಿಯ ಸುತ್ತ ದಪ್ಪ ನೊರೆಯ ಹೊದಿಕೆ ಹಾಕಿ, ಒಂದು ಚೂರು ಶಾಖವೂ ಬಚ್ಚಲಿಗೆ ಸೋರದಂತೆ ಬಿಗಿ ಮಾಡಿತು. ಅಂದರೆ ಗೀಸರ್ ಹಂಡೆಯ ಜಾಗಕ್ಕೆ ಬಂತೇ ಹೊರತು ಒಲೆಯ ಜಾಗಕ್ಕೆ ಬರಲಿಲ್ಲ. ಅವ್ವನ ದೂರಿನಲ್ಲಿ ಸುಳ್ಳೇನೂ ಇರಲಿಲ್ಲ.

ಎರಡು ತಂಬಿಗೆ, ಎರಡು ಡ್ರಮ್

ಬಚ್ಚಲಿಗೆ ಹೀಟರ್ ಎಂದೊಡನೆ ಯಾರಿಗಾದರೂ ಮೊದಲು ತೋಚುವುದು ಒಳಗಿನ ಗಾಳಿಯನ್ನು ಬಿಸಿ ಮಾಡುವುದು. ಎಷ್ಟಿದೆ ಆ ಗಾಳಿ? ನಾಲ್ಕಡಿ, ಆರಡಿ, ಒಂಬತ್ತಡಿ ಎತ್ತರ ಎಂದರೆ ಸುಮಾರು 7 ಕಿಲೋ. ಗಾಳಿಗೂ ತೂಕವಿದೆ ಎಂದು ಶಾಲೆಯಲ್ಲಿ ಓದಿದ್ದರೂ ಒಂದು ಬಚ್ಚಲಲ್ಲಿ ಅಕ್ಕಿಯ ಸಣ್ಣ ಚೀಲದಷ್ಟು ಗಾಳಿ ಇದೆಯೆಂದರೆ ಈಗಲೂ ನಂಬುವುದು ಕಷ್ಟ. ಅಷ್ಟನ್ನೂ 10 ಡಿಗ್ರಿ ಬಿಸಿ ಮಾಡಲು ಬೇಕಾದ ಶಾಖ, ಎರಡು ತಂಬಿಗೆ ನೀರನ್ನು ಅಷ್ಟೇ ಬಿಸಿ ಮಾಡಲು ಬೇಕಾದಷ್ಟು ಮಾತ್ರ. 1000 ವಾಟಿನ ಬ್ಲೋಯರ್ ಇಟ್ಟರೆ ಒಂದೂಕಾಲು ನಿಮಿಷದ ಕೆಲಸ.

ಬಲು ಸುಲಭ ಅಂದುಕೊಂಡು ಗೋಡೆಯ ಲೆಕ್ಕ ಹಾಕಿದೆ. ಸುತ್ತಲಿನ ಗೋಡೆ, ನೆಲ, ಮಾಳಿಗೆಗಳ ಮೇಲ್ಪದರ ಎರಡೇ ಇಂಚನ್ನು ಹಿಡಿದರೂ ಎರಡು ಟನ್ ಟೈಲ್ಸು, ಸಿಮೆಂಟು, ಇಟ್ಟಿಗೆ. ಅದರ ಬಿಸಿ ಒಂದೇ ಒಂದು ಡಿಗ್ರಿ ಏರಲು ಬೇಕಾದ ಶಾಖದಲ್ಲಿ ಎರಡು ದೊಡ್ಡ ಡ್ರಮ್ ತುಂಬ ನೀರು ಒಂದು ಡಿಗ್ರಿ ಏರುತ್ತದೆ. ಎರಡು ತಂಬಿಗೆಯ ಪಕ್ಕ ಎರಡು ಡ್ರಮ್ ಇಟ್ಟು ನೋಡಿ. ಬ್ಲೋಯರ್ ಕೊಟ್ಟ ಬಿಸಿಯನ್ನು ಗೋಡೆ ಕುಡಿಯುತ್ತಲೇ ಇರುತ್ತದೆ, ಅದರ ಬಾಯಾರಿಕೆ ತೀರುವುದಿಲ್ಲ. ಕುಡಿದು ಉಳಿದದ್ದು ವೆಂಟಿಲೇಟರಿನ ಗಾಜಿನ ಪಟ್ಟಿಗಳ ಸಂದಿಯಲ್ಲಿ ಆಚೆ ಹೋಗುತ್ತದೆ. ಕಂಪ್ಲಿಯ ಒಲೆ ಗೋಡೆಯನ್ನು ಬಿಸಿ ಮಾಡುತ್ತಿದ್ದುದು ಮೂರು ತಾಸು ಉರಿದು. ಫ್ಲ್ಯಾಟಿನಲ್ಲಿ ಹತ್ತು ನಿಮಿಷದ ಜಳಕಕ್ಕೆ ಮೂರು ತಾಸು ಹೀಟರ್ ಉರಿಸುವವರು ಯಾರು?

ಇಷ್ಟಾದರೂ ಒಂದು ಸಂಗತಿ ಕೊರೆಯುತ್ತಲೇ ಇತ್ತು. ಅವ್ವ ನಡುಗುತ್ತಿದ್ದ ಹೊತ್ತಿನಲ್ಲಿ ಬಚ್ಚಲ ಗಾಳಿ 24 ಡಿಗ್ರಿ ಇತ್ತು, ಥರ್ಮಾಮೀಟರ್ ತೂಗುಹಾಕಿ ನೋಡಿದ್ದೆ. ಅದೇ 24 ಡಿಗ್ರಿಯ ಹಾಲಿನಲ್ಲಿ ಅವಳು ಹತ್ತಿ ಸೀರೆಯುಟ್ಟು ಆರಾಮಾಗಿ ಧಾರಾವಾಹಿ ನೋಡುತ್ತಿದ್ದಳು. ಹಾಗಾದರೆ ಚಳಿ ಗಾಳಿಯಲ್ಲಿಲ್ಲ.

ಆವಿಸುಂಕ

ಚಳಿ ಇರುವುದು ಮೈಮೇಲಿನ ನೀರಿನಲ್ಲಿ. ನೀರು ತಣ್ಣಗಿದೆ ಎಂದಲ್ಲ. ನೀರು ಹೊರಟುನಿಂತಿದೆ ಎಂದು.

ನೀರಿನ ಹನಿಯೊಳಗೆ ಕೋಟ್ಯಂತರ ಕಣಗಳು ಒಂದನ್ನೊಂದು ಹಿಡಿದು ಜಗ್ಗಾಡುತ್ತಿರುತ್ತವೆ. ಎಲ್ಲವುಗಳ ಹುರುಪೂ ಒಂದೇ ಅಲ್ಲ. ಜಾತ್ರೆಯ ಗುಂಪನ್ನು ನೆನೆಸಿಕೊಳ್ಳಿ: ಕೆಲವರು ಕುಣಿಯುತ್ತಿರುತ್ತಾರೆ, ಕೆಲವರು ನಿಂತಿರುತ್ತಾರೆ, ಕೆಲವರು ಮಂಡಕ್ಕಿ ಮೆಲ್ಲುತ್ತಾ ಕೂತೇಬಿಟ್ಟಿರುತ್ತಾರೆ. ಗುಂಪನ್ನು ಸೀಳಿಕೊಂಡು ಹೊರಬೀಳುವವರು ಕುಣಿಯುವವರೇ. ಅವರು ಹೋದರೆ ಉಳಿದ ಗುಂಪು ಮಂಕಾಗುತ್ತದೆ. ಹನಿಯಲ್ಲೂ ಹೀಗೆಯೇ. ಅತಿ ಹುರುಪಿನ ಕಣ ಹಿಡಿತ ಬಿಡಿಸಿಕೊಂಡು ಗಾಳಿಗೆ ಹಾರುತ್ತದೆ, ಉಳಿದ ಹನಿ ತಣ್ಣಗಾಗುತ್ತದೆ. ತಣ್ಣಗಾದ ಹನಿ ತನ್ನ ಕೆಳಗಿರುವ ಚರ್ಮದಿಂದ ಶಾಖ ಎಳೆದುಕೊಳ್ಳುತ್ತದೆ. ಆ ಶಾಖದಲ್ಲಿ ಇನ್ನೊಂದು ಕಣ ಹುರುಪಾಗಿ ಹಾರುತ್ತದೆ. ಹೀಗೆ ಪ್ರತಿ ಕಣವೂ ಹೊರಡುವಾಗ ನಮ್ಮ ಮೈಯಿಂದ ವಸೂಲು ಮಾಡುವ ಶಾಖವನ್ನು ಆವಿಸುಂಕ ಎನ್ನೋಣ. ಪಠ್ಯಪುಸ್ತಕದಲ್ಲಿ ಇದಕ್ಕೆ ಗುಪ್ತೋಷ್ಣ ಎಂಬ ಹೆಸರಿದೆ, ಇಂಗ್ಲಿಷ್ ಮೀಡಿಯಂ ಮಕ್ಕಳು ಲೇಟೆಂಟ್ ಹೀಟ್ ಅನ್ನುತ್ತಾರೆ. ಗುಪ್ತವೆಂದರೆ ಏನೋ ಅಡಗಿಸಿಟ್ಟಂತೆ ಕೇಳಿಸುತ್ತದೆ. ಇಲ್ಲಿ ಅಡಗಿಸುವುದೇನಿಲ್ಲ, ಹಗಲುದರೋಡೆ.

ಸುಂಕದ ದರ ವಿಪರೀತ. ಮೈಮೇಲೆ, ಕೂದಲಲ್ಲಿ ಉಳಿದ ನೀರು 50 ಗ್ರಾಂ ಎಂದಿಟ್ಟುಕೊಳ್ಳಿ, ಅಂದರೆ ಅರ್ಧ ಚಹಾ ಲೋಟದಷ್ಟು. ಅದೆಲ್ಲ ಆರಿಹೋಗಲು ಬೇಕಾಗುವ ಶಾಖದಲ್ಲಿ ಅರ್ಧ ಲೀಟರ್ ನಲ್ಲಿ ನೀರನ್ನು 80 ಡಿಗ್ರಿಯವರೆಗೆ ಕಾಯಿಸಬಹುದು. ಅದರ ದೊಡ್ಡ ಪಾಲು ಹೋಗುವುದು ನಿಮ್ಮ ಚರ್ಮದಿಂದ. ಟವೆಲ್ಲಿನಿಂದ ಒರೆಸಿ ತೆಗೆದ ನೀರಿಗೆ ಮಾತ್ರ ಸುಂಕವಿಲ್ಲ, ಅದು ಆವಿಯಾಗದೆಯೇ ಮೈ ಬಿಟ್ಟು ಹೋಗುತ್ತದೆ.

ನದಿಯ ಒಗಟು ಇಲ್ಲಿಗೆ ಬಿಡಿಸಿಕೊಂಡಿತು. ನೀರು ಬೇಗ ಕಾಯುವುದೂ ಇಲ್ಲ, ಬೇಗ ಆರುವುದೂ ಇಲ್ಲ, ಆದ್ದರಿಂದ ಬೆಳಗಿನ ಜಾವ ಹೊಳೆ ದಡದ ಗಾಳಿಗಿಂತ ಬೆಚ್ಚಗಿರುತ್ತದೆ. ಮುಳುಗಿದ್ದಷ್ಟು ಹೊತ್ತು ಮೈಯಿಂದ ಏನೂ ಆವಿಯಾಗುವಂತಿಲ್ಲ. ಬಂಡೆ ಹತ್ತಿದ ಕೂಡಲೇ ಸುಂಕದವನು ಎದುರಿಗೆ ನಿಂತಿರುತ್ತಾನೆ. ಹಂಪಿಯ ರಾಣಿಯರ ಸ್ನಾನಗೃಹವನ್ನು ನೋಡಿದಾಗಲೂ ನನಗೆ ಈಚೆಗೆ ಇದೇ ಯೋಚನೆ. ನಡುವೆ ಆಕಾಶಕ್ಕೆ ತೆರೆದ ಕೊಳ, ಸುತ್ತಲೂ ಕಮಾನಿನ ಮೊಗಸಾಲೆ. ಪ್ರವಾಸಿಗರು ಅದರ ಗಾರೆಯ ಕೆತ್ತನೆಯ ಫೋಟೋ ತೆಗೆಯುತ್ತಾರೆ, ನಾನು ಗಾಳಿ ಯಾವ ಕಮಾನಿನಿಂದ ನುಗ್ಗುತ್ತದೆಂದು ನೋಡುತ್ತೇನೆ.

ಮೇ ತಿಂಗಳ ಡಬ್ಬಿ

ಈ ದರೋಡೆಯನ್ನೇ ದುಡ್ಡು ಕೊಟ್ಟು ಮನೆಗೆ ತರುವವರು ನಾವು. ಬಳ್ಳಾರಿ, ಹೊಸಪೇಟೆ, ಕಂಪ್ಲಿಗಳಲ್ಲಿ ಮಾರ್ಚಿ ಬಂತೆಂದರೆ ಅಟ್ಟದಿಂದ ಇಳಿಯುವ ಕೂಲರ್ ಇದೆಯಲ್ಲ, ಅದರಲ್ಲಿ ತಂಪು ಮಾಡುವ ಯಂತ್ರವೆಂಬುದೇ ಇಲ್ಲ. ಒಂದು ಪಂಪು, ಒಂದು ಫ್ಯಾನು, ಒದ್ದೆಯಾಗುವ ಹುಲ್ಲಿನ ಪ್ಯಾಡು. ಒಣಗಾಳಿ ಒದ್ದೆ ಹುಲ್ಲಿನ ಮೂಲಕ ಹಾಯುತ್ತದೆ, ನೀರು ಆವಿಯಾಗುತ್ತದೆ, ಸುಂಕ ಗಾಳಿಯ ತಲೆಗೆ ಬೀಳುತ್ತದೆ, ಗಾಳಿ ತಂಪಾಗುತ್ತದೆ. ಮಂಗಳೂರಿನ ನೆಂಟರು ಇದನ್ನು ನೋಡಿ ಆಸೆಪಟ್ಟು ಕೊಂಡುಹೋದರೆ ಅಲ್ಲಿ ಕೆಲಸ ಮಾಡುವುದಿಲ್ಲ. ಕರಾವಳಿಯ ಗಾಳಿ ಆಗಲೇ ಆವಿಯಿಂದ ತುಂಬಿರುತ್ತದೆ, ಹೊಸ ಕಣ ಒಂದು ಹಾರಿದರೆ ಹಳೆಯದೊಂದು ಮರಳಿ ಬಂದು ಕೂರುತ್ತದೆ, ಮರಳುವಾಗ ವಸೂಲು ಮಾಡಿದ ಸುಂಕವನ್ನೂ ಹಿಂದಿರುಗಿಸುತ್ತದೆ. ಒಣ ಬಯಲುಸೀಮೆಯಲ್ಲಿ ಹೋದವರು ಹೋದರು.

ಒದ್ದೆ ವಸ್ತು ಎಷ್ಟು ತಣ್ಣಗಾಗಬಹುದು ಎಂಬುದಕ್ಕೆ ಒಂದು ಮಿತಿ ಇದೆ. ಅದನ್ನು ಒದ್ದೆಮಟ್ಟ ಎಂದು ಕರೆಯೋಣ. ಅಳೆಯುವುದು ಸುಲಭ: ಥರ್ಮಾಮೀಟರಿನ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ ಬೀಸಿದರೆ ಪಾದರಸ ಇಳಿದಿಳಿದು ಎಲ್ಲಿ ನಿಲ್ಲುತ್ತದೋ ಅದು. ಗಾಳಿ 24 ಡಿಗ್ರಿ ಇದ್ದು, ಹಿಡಿಯಬಲ್ಲ ಆವಿಯ ನೂರರಲ್ಲಿ ನಲವತ್ತು ಪಾಲನ್ನಷ್ಟೇ ಹಿಡಿದಿದ್ದರೆ ಒದ್ದೆಮಟ್ಟ ಸುಮಾರು 15ರಿಂದ 16. ಡಿಸೆಂಬರಿನ ಒಣ ಬೆಳಗು ಇಂಥದ್ದೇ. ಹಾಲಿನಲ್ಲಿ ಒಣ ಸೀರೆಯುಟ್ಟ ಅವ್ವ 24 ಡಿಗ್ರಿಯಲ್ಲಿದ್ದಳು. ಬಚ್ಚಲ ಬಾಗಿಲು ತೆಗೆದ ಒದ್ದೆ ಮೈಯ ಅವ್ವನನ್ನು ಅದೇ ಗಾಳಿ 16ರತ್ತ ಎಳೆಯುತ್ತಿತ್ತು. ಅವಳೇ ಕೂಲರಿನ ಪ್ಯಾಡು.

ಮಳೆಗಾಲದ ಸಂಡೂರನ್ನು ಪಕ್ಕದಲ್ಲಿಟ್ಟು ನೋಡಿ. ಜುಲೈಯಲ್ಲಿ ಕುಮಾರಸ್ವಾಮಿ ಬೆಟ್ಟದ ಕಡೆ ಮೋಡ ಕವಿದು ಗಾಳಿ 22 ಡಿಗ್ರಿಗೆ ಇಳಿದಿದೆ, ಆದರೆ ತೇವ ನೂರಕ್ಕೆ ತೊಂಬತ್ತು ಎಂದುಕೊಂಡರೆ ಅಲ್ಲಿನ ಒದ್ದೆಮಟ್ಟ ಸುಮಾರು 21. ಥರ್ಮಾಮೀಟರ್ ನೋಡಿದರೆ ಸಂಡೂರೇ ತಂಪು. ಮಿಂದೆದ್ದ ಮೈಗೆ ಕೇಳಿದರೆ ಹೊಸಪೇಟೆಯೇ ಹೆಚ್ಚು ಥಂಡಿ. ಸಂಡೂರಿನಲ್ಲಿ ಟವೆಲ್ ಎರಡು ದಿನವಾದರೂ ಆರುವುದಿಲ್ಲ ಎಂದು ಗೊಣಗುವವರಿಗೆ ಅದರ ಇನ್ನೊಂದು ಮುಖ ಇದು.

ಬ್ಲೋಯರಿನ ಮೋಸವೂ ಇಲ್ಲೇ ಬಯಲಾಯಿತು. ಬಚ್ಚಲ ಗಾಳಿಯನ್ನು ಎಳೆದು 40 ಡಿಗ್ರಿಗೆ ಕಾಯಿಸಿ ಮೈಮೇಲೆ ಊದಿದೆವು ಅನ್ನಿ. ಕಾದ ಗಾಳಿಗೆ ಆವಿಯ ಹಸಿವು ಹೆಚ್ಚು. ತೇವ ನೂರಕ್ಕೆ ಇಪ್ಪತ್ತಕ್ಕೆ ಇಳಿದಿದ್ದರೆ 40 ಡಿಗ್ರಿ ಗಾಳಿಯ ಒದ್ದೆಮಟ್ಟ 22-23. ನಮ್ಮ ಚರ್ಮ ಇರುವುದು 33ರ ಆಸುಪಾಸಿನಲ್ಲಿ. ಅಂದರೆ 40 ಡಿಗ್ರಿ ಬಿಸಿಗಾಳಿಯೂ ಒದ್ದೆ ಮೈಯನ್ನು ತಣ್ಣಗೇ ಮಾಡುತ್ತದೆ! ಆಶ್ಚರ್ಯವೇನಿಲ್ಲ, 40 ಡಿಗ್ರಿ, ಒಣಗಾಳಿ, ಒದ್ದೆ ಮೈ, ಇದು ಹೊಸಪೇಟೆಯ ಮೇ ತಿಂಗಳ ಮಧ್ಯಾಹ್ನವೇ. ಆಗ ನಾವು ತಂಪಿಗಾಗಿಯೇ ಒದ್ದೆ ಟವೆಲ್ ಹೆಗಲಿಗೆ ಹಾಕಿಕೊಂಡು ಫ್ಯಾನಿನಡಿ ಕೂರುತ್ತೇವೆ. ಮೈ ಒಣಗಿದ ಮೇಲೆ ಬ್ಲೋಯರ್ ಹಿತ. ಅಲ್ಲಿಯವರೆಗೆ ಅದು ಮುದುಕಿಯ ಬೆನ್ನಿಗೆ ಹಿಡಿದ ಕೂಲರ್.

ಕೆಂಪು ಕಡ್ಡಿ

ಒಲೆಯ ಬಾಯಿಗೆ ಬೆನ್ನು ಕೊಟ್ಟಾಗ ಸಿಗುತ್ತಿದ್ದುದು ಬಿಸಿಗಾಳಿಯಲ್ಲ, ಕಾವು. ಗಾಳಿಯನ್ನು ಕೇಳದೆ, ಬೆಳಕಿನ ಹಾಗೆ ನೇರವಾಗಿ ಬಂದು ಚರ್ಮಕ್ಕೆ ತಾಗುವ ಶಾಖ. ಎಳೆಬಿಸಿಲು ನಮಗೆ ಕೊಡುವುದೂ ಅದನ್ನೇ. ಕೆಂಪಗೆ ಕಾಯುವ ಕಡ್ಡಿಯ ಹೀಟರ್, ಅಂಗಡಿಯವರು ಕ್ವಾರ್ಟ್ಜ್ ರಾಡ್ ಅನ್ನುತ್ತಾರಲ್ಲ, ಅದು ಮಾಡುವ ಕೆಲಸವೂ ಇದೇ. ಆವಿಸುಂಕವನ್ನು ತಪ್ಪಿಸಲಾಗದು, ಆದರೆ ಮೈಯ ಬದಲು ಸುಂಕ ಕಟ್ಟುವವರನ್ನು ಗೊತ್ತು ಮಾಡಬಹುದು. ಗೋಡೆಗಳ ಬಾಯಾರಿಕೆಯ ಗೊಡವೆಯೂ ಇಲ್ಲ. 800 ವಾಟಿನದು ದಿನಕ್ಕೆ ಹತ್ತು ನಿಮಿಷ ಉರಿದರೆ ತಿಂಗಳಿಗೆ 4 ಯೂನಿಟ್. 15 ಲೀಟರ್ ಗೀಸರನ್ನು ದಿನಕ್ಕೊಮ್ಮೆ 25ರಿಂದ 60 ಡಿಗ್ರಿಗೆ ಕಾಯಿಸಿದರೇ ತಿಂಗಳಿಗೆ 18 ಯೂನಿಟ್ ಆಗುತ್ತದೆ. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯ 200 ಯೂನಿಟ್ಟಿನ ಗೆರೆಯೊಳಗೆ ಇರಬೇಕೆಂದು ಮೀಟರ್ ನೋಡುತ್ತಾ ಕೂರುವವರು ಗೀಸರಿನ ಕಡೆ ನೋಡಲಿ.

ಅಂದಹಾಗೆ ನಮ್ಮೂರಿನವರು ಒಮ್ಮೆಯಾದರೂ ಮಾಡಬೇಕಾದ ಲೆಕ್ಕವೊಂದಿದೆ. 1953ರಲ್ಲಿ ಕಟ್ಟಿ ಮುಗಿಸಿದ ತುಂಗಭದ್ರಾ ಅಣೆಕಟ್ಟಿನಲ್ಲಿ ನೀರು ಬೀಳುವ ಭಾರದಿಂದ ಕರೆಂಟು ಮಾಡುತ್ತಾರೆ. 20 ಮೀಟರ್ ಬಿದ್ದಿತೆಂದುಕೊಂಡರೂ, ಆ 15 ಲೀಟರ್ ಗೀಸರನ್ನು ಒಮ್ಮೆ ಕಾಯಿಸಲು 11,000 ಲೀಟರಿಗಿಂತ ಹೆಚ್ಚು ನೀರು ಬೀಳಬೇಕು. ಒಂದು ಬಕೆಟ್ ಬಿಸಿನೀರಿಗೆ ಒಂದು ಟ್ಯಾಂಕರ್ ಹೊಳೆ! ನೀರನ್ನು ಎತ್ತಿ ಇಳಿಸುವುದು ಅಗ್ಗ, ಕಾಯಿಸುವುದು ಬಲು ದುಬಾರಿ.

ಸುಟ್ಟ ಪ್ಲಗ್ಗು

ಹೀಟರ್ ಹಾಕುವ ಮಾತು ಬಂದಾಗ ನಾನು ಮೊದಲು ನೋಡಿದ್ದು ಗೀಸರಿನ ಪ್ಲಗ್ಗನ್ನು. ಒಂದು ಕಾಲು ಕಂದಾಗಿ, ಸುತ್ತಲಿನ ಪ್ಲಾಸ್ಟಿಕ್ ಸುಟ್ಟು ವಾಸನೆ ಬರುತ್ತಿತ್ತು. ಗೀಸರಿನೊಳಗಿನ ಕಾಯಿಲ್, ಗೋಡೆಯೊಳಗಿನ ತಂತಿ, ಪ್ಲಗ್ಗಿನ ಕಾಲು ಎಲ್ಲದರಲ್ಲೂ ಹರಿಯುವುದು ಒಂದೇ ಕರೆಂಟು. ಆದರೆ ಎಲ್ಲಿ ಅದಕ್ಕೆ ತಡೆ ಹೆಚ್ಚೋ ಅಲ್ಲೇ ಶಾಖ. ಕಾಯಿಲ್‌ನಲ್ಲಿ ಆ ತಡೆಯನ್ನು ಬೇಕೆಂದೇ ಇಟ್ಟಿದ್ದಾರೆ. ಸಡಿಲ ಸಾಕೆಟ್ಟಿನಲ್ಲಿ ಅದು ತಾನಾಗಿ ಹುಟ್ಟುತ್ತದೆ. 3000 ವಾಟಿನ ಗೀಸರ್ 13 ಆಂಪಿಯರ್ ಎಳೆಯುವಾಗ, ಕಡಲೆಕಾಳಿನಷ್ಟು ಜಾಗದಲ್ಲಿ ಓಮಿನ ಹತ್ತರಲ್ಲೊಂದು ಪಾಲು ತಡೆ ಇದ್ದರೂ ಅಲ್ಲಿ ಝೀರೋ ಬಲ್ಬಿನಷ್ಟು ಶಾಖ ಹುಟ್ಟುತ್ತದೆ. ಅದೇ ಸಾಕೆಟ್ಟಿಗೆ ಮಲ್ಟಿಪ್ಲಗ್ ಹಾಕಿ ಹೀಟರನ್ನೂ ಸಿಕ್ಕಿಸುವುದೆಂದರೆ ಪ್ಲಗ್ಗನ್ನೇ ಒಲೆ ಮಾಡಿಕೊಂಡಂತೆ.

ಒದ್ದೆ ಮೈಯ ವಿಷಯ ಇನ್ನೂ ಗಂಭೀರ. ಒಣ ಚರ್ಮ ಕರೆಂಟಿಗೆ ಒಡ್ಡುವ ತಡೆ ದೊಡ್ಡದು, ಒದ್ದೆಯಾದರೆ ಸಾವಿರ ಓಮಿನ ಸುಮಾರಿಗೆ ಕುಸಿಯಬಹುದು. 230 ವೋಲ್ಟಿಗೆ ಆಗ ಹರಿಯುವ ಕರೆಂಟು ಹೃದಯ ನಿಲ್ಲಿಸಲು ಸಾಕು, ಬೇಕಾದದ್ದಕ್ಕಿಂತ ಹೆಚ್ಚು. ಆದ್ದರಿಂದ ನೆಲದ ಮೇಲಿಡುವ ಕಡ್ಡಿ ಹೀಟರನ್ನು ಬಚ್ಚಲೊಳಗೆ ತರಲೇಬಾರದು. ಬಕೆಟ್ಟಿಗೆ ಕಾಯಿಲ್ ಇಳಿಬಿಟ್ಟು ಸ್ವಿಚ್ ಆರಿಸದೆ ಬೆರಳದ್ದಿ ನೋಡುವವರನ್ನೂ ಬಲ್ಲೆ. ಹಾಕಿಸುವುದಾದರೆ ನೀರು ಸಿಡಿದರೂ ಒಳಗಿಳಿಯದ, ಗೋಡೆಯ ಎತ್ತರದಲ್ಲಿ ಕೈಗೆಟುಕದಂತೆ ಕೂರಿಸುವ ಹೀಟರ್, ಬೋರ್ಡಿನಿಂದಲೇ ಬೇರೆ ತಂತಿ, ಬಚ್ಚಲ ಹೊರಗೆ ಸ್ವಿಚ್, ಸರಿಯಾದ ಅರ್ತಿಂಗ್. ಎಲ್ಲಕ್ಕಿಂತ ಮುಖ್ಯವಾಗಿ 30 ಮಿಲಿಆಂಪಿಯರ್ ಸೋರಿದರೆ ಕಣ್ಣು ಮಿಟುಕಿಸುವುದರೊಳಗೆ ಮನೆಯ ಕರೆಂಟನ್ನೇ ಕಡಿದುಹಾಕುವ ಆರ್‌ಸಿಸಿಬಿ. ಎಂಸಿಬಿ ಇದೆಯಲ್ಲ ಎಂದು ನಮ್ಮ ಎಲೆಕ್ಟ್ರಿಷಿಯನ್ ವಾದಿಸಿದ. ಎಂಸಿಬಿ ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಗ್ಯಾಸ್ ಗೀಸರನ್ನು ಮುಚ್ಚಿದ ಬಚ್ಚಲಲ್ಲಿಟ್ಟು ಬೆಚ್ಚಗಾಗುವ ಉಪಾಯವಂತೂ ಬೇಡವೇ ಬೇಡ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಅಲ್ಲಿ ಜೀವ ತೆಗೆದಿದೆ.

ಎರಡು ಥರ್ಮಾಮೀಟರ್

ಹೀಟರ್ ಬರಲು ವಾರ ಹಿಡಿಯಿತು. ಅಷ್ಟರಲ್ಲಿ ಅಗ್ಗದ ಉಪಾಯಗಳನ್ನು ಮಾಡಿ ನೋಡಿದೆ. ಟವೆಲ್ಲಿನ ಗೂಟವನ್ನು ಹೊರಗಿನಿಂದ ಒಳಕ್ಕೆ ತಂದೆ. ಎಕ್ಸಾಸ್ಟ್ ಫ್ಯಾನನ್ನು ಜಳಕ ಮುಗಿದು ಅವ್ವ ಹೊರಗೆ ಬಂದ ಮೇಲಷ್ಟೇ ಹಾಕುವುದೆಂದಾಯಿತು. ಟೈಲ್ಸು ಅಂಗಾಲಿನ ಬಿಸಿ ಎಳೆಯದಂತೆ ಕೂರಲು, ಕಾಲಿಡಲು ಎರಡು ಮರದ ಮಣೆ. ಬಿಸಿನೀರನ್ನು ಮೊದಲು ಬಕೆಟ್ಟಿಗೆ ತುಂಬಿ, ಬಾಗಿಲು ಮುಚ್ಚಿ, ಐದು ನಿಮಿಷ ಬಿಟ್ಟು ಒಳಗೆ ಹೋಗುವುದು.

ಬಾಗಿಲ ಬಳಿ ಎರಡು ಥರ್ಮಾಮೀಟರ್ ತೂಗುಬಿಟ್ಟಿದ್ದೆ, ಒಂದು ಒಣದು, ಒಂದು ಒದ್ದೆ ಬಟ್ಟೆ ಸುತ್ತಿದ್ದು. ಬಾಗಿಲು ಮುಚ್ಚಿ ಬಿಸಿನೀರು ಬಿಟ್ಟಿದ್ದಾಗ ಕನ್ನಡಿ ಮಸುಕಾಗಿ, ಎರಡೂ ಕಡ್ಡಿಗಳ ಪಾದರಸ ಹೆಚ್ಚುಕಡಿಮೆ ಸಮಕ್ಕೆ ಬಂದು ನಿಂತಿತು. ಹಬೆ ತುಂಬಿದ ಆ ಗಾಳಿಯಲ್ಲಿ ಸುಂಕದವನಿಗೆ ಕೆಲಸವಿಲ್ಲ. ಬಾಗಿಲು ಗೇಣಗಲ ತೆಗೆದೆ. ಒಣ ಕಡ್ಡಿ ಅಲ್ಲಾಡಿದ್ದು ಸ್ವಲ್ಪ, ಒದ್ದೆಯದು ನೋಡನೋಡುತ್ತಲೇ ಜಾರತೊಡಗಿತು. ಎಲ್ಲಿ ನಿಲ್ಲುತ್ತದೆಂದು ಬಗ್ಗಿ ನೋಡುತ್ತಿರುವಾಗ ಹಿಂದೆ ಅವ್ವ ಟವೆಲ್ ಹೆಗಲಿಗೆ ಹಾಕಿಕೊಂಡು ಬಂದು ನಿಂತಿದ್ದಳು. "ಆ ಕಡ್ಡಿ ನೋಡೂದು ಸಾಕಪ್ಪ, ಬಾಗಲಾ ಹಾಕು. ಬಿಸಿ ಎಲ್ಲಾ ಹೊರಗ ಹೊಂಟೈತಿ."